ಅಕ್ಕ ಆರಿಸಿದ ಕಲ್ಲು

ಮನೆಯ ಮುಂಭಾಗಕ್ಕೆ ಹೊಸ ರೂಪ ಕೊಡಿಸಲು ಹೊರಟ ತಮ್ಮ, ಗೋಡೆಗೆ ಅಂಟಿಸುವ ಕಲ್ಲನ್ನು ಆರಿಸುವ ಕೆಲಸ ಅಕ್ಕನಿಗೇ ಬಿಟ್ಟಿದ್ದ. "ಬಣ್ಣದ ವಿಷಯದಲ್ಲಿ ನಿನ್ನ ಕಣ್ಣಿಗೆ ಸಮ ಯಾರಿದ್ದಾರೆ?" ಎಂದಿದ್ದ. ಬಟ್ಟೆ ಹೊಲಿದೇ ಕಣ್ಣು ಪಳಗಿಸಿಕೊಂಡಿದ್ದ ಅವಳು ಆ ಮಾತಿಗೆ ಉಬ್ಬಿಹೋಗಿ, ಆರು ತುಂಡು ಕಲ್ಲುಗಳನ್ನು ಹದಿನೈದು ದಿನ ತನ್ನ ಕಿಟಕಿಯಲ್ಲಿಟ್ಟು ನೋಡಿ, ಬೂದುಬಣ್ಣದ್ದನ್ನು ಆರಿಸಿದ್ದಳು.

ಇಂದು ಮೇಸ್ತ್ರಿ ಅದೇ ಕಿಟಕಿಯ ಹೊರಗೆ ನಿಂತು ಹೇಳಿದ, "ಅಕ್ಕಾ, ಹೊಲಿಗೆ ಮೆಷಿನ್ ಸ್ವಲ್ಪ ಆಚೆ ಸರಿಸ್ಕೊಳ್ಳಿ. ನಾಳೆ ಈ ಕಿಟಕಿ ಕಿತ್ತು ಇಟ್ಟಿಗೆ ಕಟ್ತೀವಿ."

"ಕೋಣೆಗೆ ಇರೋದೇ ಇದೊಂದು ಕಿಟಕಿ."

ಅವನು ನಕ್ಷೆ ಬಿಚ್ಚಿ ತೋರಿಸಿದ. ಮುಂದಿನ ಗೋಡೆಯ ಉದ್ದಕ್ಕೂ ಕಲ್ಲೇ. ಕಿಟಕಿಯ ಗುರುತೇ ಇಲ್ಲ. ಮೂಲೆಯಲ್ಲಿ ತಮ್ಮನ ಸಹಿ, ಎರಡು ತಿಂಗಳ ಹಿಂದಿನ ತಾರೀಖು. ಕಲ್ಲಿನ ತುಂಡುಗಳು ಅವಳ ಕೈಗೆ ಬಂದಿದ್ದು ಕಳೆದ ತಿಂಗಳು.

ಸಂಜೆ ತಮ್ಮ ಚಪ್ಪಲಿ ಬಿಡುವ ಮೊದಲೇ ಅವಳು ಕೇಳಿದಳು, "ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಗೋಡೆ ಒಂದೇ ಸಮ ಇದ್ರೇನೇ ಲುಕ್ ಬರೋದು ಕಣಕ್ಕಾ. ನಿನ್ ಕೋಣೆಗೆ ಎರಡು ಟ್ಯೂಬ್‌ಲೈಟ್ ಹಾಕಿಸ್ತೀನಿ ಬಿಡು."

"ಮತ್ತೆ ಕಲ್ಲು ಆರಿಸೋಕೆ ನನ್ನನ್ನ ಯಾಕೆ ಕೂರಿಸಿದೆ?"

ಅವನು ಚಪ್ಪಲಿಯ ಕಡೆ ನೋಡಿದ. "ನೀನೇ ಆರಿಸಿದ್ದಾದ್ರೆ ಆಮೇಲೆ ರಗಳೆ ಮಾಡಲ್ಲ ಅಂತ."

"ನನ್ನ ಬೆರಳಿಂದ್ಲೇ ನನ್ನ ಕಣ್ಣು ಚುಚ್ಚಿಸಿದ್ಯಲ್ಲೋ."

ಅವಳು ರಗಳೆ ಮಾಡಲಿಲ್ಲ. ಕೋಣೆಗೆ ಹೋಗಿ ದಾರದ ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡಳು. ಟ್ಯೂಬ್‌ಲೈಟಿನಲ್ಲಿ ಕಪ್ಪು ದಾರಕ್ಕೂ ಕಡುನೀಲಿ ದಾರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಬಿಸಿಲು ಇಳಿಯುವ ಮುನ್ನ ಒಂದೊಂದೇ ರೀಲನ್ನು ಬೆಳಕಿಗೆ ಹಿಡಿದು, ಚೀಟಿಯಲ್ಲಿ ಬಣ್ಣದ ಹೆಸರು ಬರೆದು ಅಂಟಿಸತೊಡಗಿದಳು.