ಹಗಲು ತೊಟ್ಟಿಲು, ರಾತ್ರಿ ಮಗ್ಗುಲು

ಆ ಮನೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇದ್ದದ್ದು ಒಂದೇ, ಅದೂ ಮಕ್ಕಳಿಲ್ಲದವಳ ಖೋಲಿಯಲ್ಲಿ. ಇದರಲ್ಲಿ ಯಾರ ಕುಹಕವೂ ಇರಲಿಲ್ಲ. ಮೋರಟಗಿ ಹತ್ತಿರದ ಆ ಊರಿನಲ್ಲಿ ಹಳೆಯ ಮಣ್ಣಿನ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದಾಗ ಸಿದ್ದಲಿಂಗವ್ವ ಹೊಸ ಮದುಮಗಳು. ಮಾವ ಬದುಕಿದ್ದರು. ಕಾಂಕ್ರೀಟು ಹಾಕುವ ದಿನ ಮೇಸ್ತ್ರಿಯನ್ನು ತಡೆದು, "ಹಿರೇ ಸೊಸಿ ಖೋಲ್ಯಾಗ ಒಂದು ಕೊಂಡಿ ಬಿಡೋ ತಮ್ಮಾ, ನಾಳೆ ತೊಟ್ಟಲಾ ಕಟ್ಟಬೇಕು" ಎಂದು ಹೇಳಿ ದಪ್ಪನೆಯ ಕಬ್ಬಿಣ ಬಾಗಿಸಿ ಹಾಕಿಸಿದ್ದರು. ಕಿರಿಯ ಮಗ ಕಾಂತು ಆಗ ಸಾಲಿ ಹುಡುಗ. ಅವನ ಖೋಲಿಗೂ ಒಂದು ಬೇಕಾದೀತು ಎಂದು ಯಾರಿಗೂ ಹೊಳೆಯಲಿಲ್ಲ. ಹಳೆಯ ಮನೆಯಾಗಿದ್ದರೆ ಯಾವ ತೊಲೆಗೆ ಬೇಕಾದರೂ ಹಗ್ಗ ಬಿಗಿಯಬಹುದಿತ್ತು. ಸ್ಲ್ಯಾಬಿಗೆ ಅಂಥ ದಾಕ್ಷಿಣ್ಯವಿಲ್ಲ.

ಮಾವ ಹೋದರು, ಕೊಂಡಿ ಉಳಿಯಿತು. ಸಿದ್ದಲಿಂಗವ್ವ ಅದರ ಕೆಳಗೆ ಹೊರಸು ಹಾಕಿಕೊಂಡು ವರ್ಷಗಟ್ಟಲೆ ಮಲಗಿದಳು. ವಿಜಯಪುರದ ದವಾಖಾನೆ ಆಯಿತು, ಹರಕೆ ಆಯಿತು, ಬೇರು ಅರೆದು ಕುಡಿದದ್ದಾಯಿತು, ಯಾರೋ ಹೇಳಿದರೆಂದು ಸೋಲಾಪುರಕ್ಕೂ ಹೋಗಿಬಂದದ್ದಾಯಿತು. ಮೊದಮೊದಲು ಕೊಂಡಿ ನೋಡಿದರೆ ಅಳು ಬರುತ್ತಿತ್ತು. ಆಮೇಲೆ ಅದಕ್ಕೆ ಬೆಳ್ಳುಳ್ಳಿ ಗೊಂಚಲು ನೇತುಹಾಕಿದಳು. ಒಂದು ದಿನ ಔಷಧದ ಬಾಟಲಿಗಳನ್ನೆಲ್ಲ ತಿಪ್ಪೆಗೆಸೆದು, ಮೋರಟಗಿಯ ಜೋಹರಾಬಿಯ ರೊಟ್ಟಿ ಅಂಗಡಿಗೆ ಹೋಗಿ, "ನಾನೂ ತಟ್ಟತೇನಿ" ಅಂದಳು.

ಅಂದಿನಿಂದ ಅವಳ ಬದುಕು ಬೇರೆಯೇ ಆಯಿತೆನ್ನಿ. ನಸುಕಿನಲ್ಲೆದ್ದು ಟಂಟಂ ಆಟೋ ಹತ್ತಿ ಹೋದರೆ ಮಧ್ಯಾಹ್ನದವರೆಗೆ ರೊಟ್ಟಿ. ಅವಳು ತಟ್ಟಿದ ಕಡಕ್ ರೊಟ್ಟಿ ಪುಣೆಯವರೆಗೆ ಹೋಗುತ್ತಿತ್ತು. ಅಲ್ಲಿ ಎಲ್ಲರೂ ಅವಳ ಕೈ ನೋಡುತ್ತಿದ್ದರು. ಹೊಟ್ಟೆಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಗಂಡ ಶ್ರೀಶೈಲಪ್ಪ ಕುರಿ ಕಾಯುವವನು, ರಾತ್ರಿ ಹೊಲದ ದೊಡ್ಡಿಯಲ್ಲೇ ಮಲಗುವವನು. ಹಾಗಾಗಿ ರಾತ್ರಿ ಆ ಖೋಲಿ ಅವಳೊಬ್ಬಳದು. ಮಕ್ಕಳ ಆಸೆ ಹೋದ ಜಾಗದಲ್ಲಿ ಒಂದು ನೆಮ್ಮದಿ ಬಂದು ಕೂತಿತ್ತು. ಇದನ್ನು ಯಾರ ಮುಂದೆ ಹೇಳುವುದು? ಮಕ್ಕಳಿಲ್ಲದವಳು ಸುಖವಾಗಿದ್ದೇನೆ ಅಂದರೆ ಊರು ನಂಬುತ್ತದೆಯೇ?

ಕಾಂತುವಿನ ಹೆಂಡತಿ ಕಾವೇರಿ ನಾಲತವಾಡದ ಹುಡುಗಿ. ಮೊದಲ ಎರಡು ಹೆಣ್ಣುಮಕ್ಕಳನ್ನು ತವರಿನಲ್ಲೇ ಹಡೆದು ಐದು ತಿಂಗಳಿಗೆ ಕರೆತಂದಿದ್ದಳು. ತೊಟ್ಟಿಲು ಕಟ್ಟಿದ್ದು ಇದ್ದೊಂದೇ ಕೊಂಡಿಗೆ. ಆದರೆ ಹೊತ್ತು ಮುಳುಗಿದರೆ ಕೂಸು ತಾಯಿಯ ಖೋಲಿಗೆ ಹೋಗುತ್ತಿತ್ತು. ಹಗಲು ತೊಟ್ಟಿಲು, ರಾತ್ರಿ ತಾಯಿ ಮಗ್ಗುಲು, ಇದು ಮನೆಯ ರೂಢಿ. ಸಿದ್ದಲಿಂಗವ್ವ ಆ ಮಕ್ಕಳನ್ನು ತೂಗಿದಳು, ಮುದ್ದಾಡಿದಳು, ಸಂಜೆ ಮರಳಿ ಕೊಟ್ಟಳು. ದೊಡ್ಡವ್ವನಾಗಿರುವುದು ಅವಳಿಗೆ ಸಾಕಾಗಿತ್ತು.

ಮೂರನೆಯ ಬಸಿರಿನಲ್ಲಿ ಕಾವೇರಿಯ ತಾಯಿಗೆ ಲಕ್ವಾ ಹೊಡೆದು, ಅರ್ಧ ಮೈ ಸ್ವಾಧೀನ ತಪ್ಪಿ, ತವರಿನ ಬಾಗಿಲು ಮುಚ್ಚಿದಂತಾಯಿತು. ಸಿಂದಗಿಯ ದವಾಖಾನೆಯಲ್ಲಿ ಹೆರಿಗೆಯಾಗಿ, ಅದೂ ಹೆಣ್ಣೇ ಆಯಿತು. ಡಾಕ್ಟರಮ್ಮ ಅತ್ತೆ ರೇವವ್ವನನ್ನು ಕರೆದು, ಈಕೆಯ ಮೈಯಲ್ಲಿ ರಕ್ತವೇ ಇಲ್ಲ, ಆಪರೇಷನ್ ಮಾಡಿಸಿ, ಇಲ್ಲದಿದ್ದರೆ ಮೂರು ವರ್ಷ ಬಸಿರು ನಿಲ್ಲದಂತೆ ನೋಡಿಕೊಳ್ಳಿ, ಮತ್ತೆ ಹೀಗೇ ಆದರೆ ಜೀವಕ್ಕೇ ಕಷ್ಟ ಎಂದರು. ರೇವವ್ವ ಹೊರಗೆ ಬಂದವಳೇ, "ಡಾಕ್ಟರಮ್ಮಗ ಏನ್ ಹೋಗೂದೈತಿ, ಅಕಿಗೆ ಇಬ್ಬರು ಗಂಡಮಕ್ಳು ಅದಾರಂತ" ಎಂದು ಸೆರಗು ಕೊಡವಿದಳು.

ಐದನೆಯ ದಿನ ಬಾಣಂತಿಯ ಖೋಲಿಯಲ್ಲಿ ಪೂಜೆ ಮುಗಿದ ಮೇಲೆ ರೇವವ್ವ ಎಲ್ಲರ ಮುಂದೆ ಮಾತು ತೆಗೆದಳು.

"ತೊಟ್ಟಲದಾಗ ಹಾಕಿದ ದಿನದಿಂದ ಈ ಕೂಸು ಹಗಲೂ ರಾತ್ರಿ ಸಿದ್ದಲಿಂಗಿ ಖೋಲ್ಯಾಗ ಮಲಗತೈತಿ. ಅವತ್ತೇ ಅಕಿ ಉಡ್ಯಾಗ ಹಾಕಿಬಿಡ್ತೇನಿ. ಅಕೀನೂ ಎಷ್ಟಂತ ಬರೇ ಕೈಲೆ ಇರಬೇಕು?"

ನೆರೆದ ಹೆಂಗಸರು "ಎಂಥಾ ಅತ್ತಿ! ಎಷ್ಟ್ ದೊಡ್ಡ ಮನಸ್ಸು!" ಎಂದರು. ಕಾವೇರಿ ತಲೆ ಎತ್ತಲಿಲ್ಲ. ಸಿದ್ದಲಿಂಗವ್ವ ಪೂಜೆಯ ತಟ್ಟೆ ಕೆಳಗಿಟ್ಟು ಎದ್ದಳು.

"ನನಗ ಬ್ಯಾಡ್ರಿ ಅತ್ತಿ. ಹಾಲು ಕುಡಿಯೂ ಕೂಸು, ತಾಯಿ ಕಡೆ ಇರಲಿ. ಬೇಕಂದ್ರ ಡ್ರಿಲ್ ಹೊಡೆದು ಕಾಂತುನ ಖೋಲಿಗೆ ಇನ್ನೊಂದು ಕೊಂಡಿ ಹಾಕಸೂಣು."

"ಡ್ರಿಲ್ ಹೊಡದ್ರ ಸ್ಲ್ಯಾಬ್ ಸೋರತೈತಿ."

"ಸಿಂದಗ್ಯಾಗ ಸ್ಟ್ಯಾಂಡಿನ ತೊಟ್ಟಲಾ ಸಿಗ್ತಾವ್ರಿ."

"ಕಬ್ಬಿಣದ್ದು ಕೂಸಿಗೆ ಥಂಡಿ."

ಹಾಗಾದರೆ ಆ ಕೊಂಡಿಯೂ ಕಬ್ಬಿಣದ್ದೇ ಅಲ್ಲವೇ ಎಂದು ಕೇಳುವ ಬುದ್ಧಿ ಅಲ್ಲಿ ಯಾರಿಗೂ ಬರಲಿಲ್ಲ. ಬಂದಿದ್ದರೂ ರೇವವ್ವನ ಬಾಯಿಗೆ ಎದುರು ನಿಂತು ಗೆದ್ದವರು ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

ಅದೇ ಸಂಜೆ ಕೂಸು ಕುಡಿದ ಹಾಲನ್ನೆಲ್ಲ ಕಕ್ಕಿತು. ಕೂಸು ಹಾಲು ಕಕ್ಕದೆ ಇನ್ನೇನು ಹೋಳಿಗೆ ಕಕ್ಕುತ್ತದೆಯೇ? ಆದರೆ ಓಣಿಯ ಬಾಯಿಗೆ ಅಷ್ಟೇ ಸಾಕಾಯಿತು. "ಬ್ಯಾಡ ಅಂದಳಲ್ಲ, ನೆದರು ಬಿತ್ತು ನೋಡ್ರಿ." "ಬಂಜಿಗೆ ಕೂಸಿನ ಬೆಲಿ ಏನ್ ಗೊತ್ತು?" ರೇವವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹಾಕುವಾಗ ಹಿರಿಸೊಸೆಯ ಕಡೆ ನೋಡಲಿಲ್ಲ, ಆ ನೋಡದಿರುವುದೇ ಸಿದ್ದಲಿಂಗವ್ವನಿಗೆ ಚುಚ್ಚಿತು. ಬೇಡ ಅಂದರೆ ಕೆಟ್ಟ ಕಣ್ಣಿನವಳು, ಹೂಂ ಅಂದರೆ ಇನ್ನೊಬ್ಬಳ ಮಗ್ಗುಲಿನಿಂದ ಕೂಸು ಕಿತ್ತುಕೊಂಡವಳು. ಅತ್ತ ದರಿ, ಇತ್ತ ಹುಲಿ.

ಮರುದಿನ ಗಂಡನಿಗೆ ಬುತ್ತಿ ಒಯ್ದಾಗ ಅವನಿಗೆ ಹೇಳಿಕೊಂಡಳು. ಶ್ರೀಶೈಲಪ್ಪ ಒಂದು ಕುರಿಯ ಗೊರಸಿಗೆ ಮದ್ದು ಹಚ್ಚುತ್ತಿದ್ದ, ತಲೆ ಎತ್ತಲಿಲ್ಲ.

"ಅವ್ವ ಹೇಳ್ಯಾಳಂದ್ರ ಆತಲ್ಲ. ತಾಯಿ ಇಲ್ಲದ ಮರೀನ ಬ್ಯಾರೆ ಕುರಿಗೆ ಹಚ್ಚಂಗಿಲ್ಲೇನು ನಾವು?"

"ಇದಕ್ಕ ತಾಯಿ ಅದಾಳಲ್ರಿ!"

ಅವನು ಕುರಿಯ ಕಾಲು ಬಿಟ್ಟು ಇನ್ನೊಂದನ್ನು ಹಿಡಿದ. ಒಳ್ಳೆಯ ಮನುಷ್ಯ, ಪಾಪ. ಒಳ್ಳೆಯವರೆಲ್ಲ ಹೀಗೆ ಕುರಿಯ ಕಾಲು ಹಿಡಿದು ಕೂತರೆ ಮನೆಯ ಹೆಂಗಸರು ಯಾರ ಕಾಲು ಹಿಡಿಯಬೇಕು?

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಕಾವೇರಿಯ ಮೌನ. ಬಾಣಂತಿಗೆಂದು ಅಳವಿ ಪಾಯಸ ಒಯ್ದರೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಸಿದ್ದಲಿಂಗವ್ವ ಹತ್ತಿರ ಬಂದರೆ ಸೆರಗೆಳೆದು ಕೂಸನ್ನು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಮಾತ್ರ ಬಾಯಿ ಬಿಟ್ಟಳು.

"ಬೇಕಾಗಿದ್ದು ಸಿಕ್ತಲ್ರಿ ಅಕ್ಕಾ ನಿಮಗ."

ಮದುವೆಯಾಗಿ ಬಂದಂದಿನಿಂದ "ನೀ" ಅನ್ನುತ್ತಿದ್ದವಳು. ಆ "ನಿಮಗ" ಕೇಳಿ ಸಿದ್ದಲಿಂಗವ್ವ ಅಡುಗೆಮನೆಗೆ ಬಂದು ಖಾಲಿ ಬಟ್ಟಲು ಹಿಡಿದು ಅತ್ತಳು. ನಾನು ಕೇಳಿಲ್ಲ ಎಂದರೆ ಯಾರು ನಂಬಬೇಕು? ಮಕ್ಕಳಿಲ್ಲದವಳಿಗೆ ಕೂಸು ಬೇಡ ಅಂದರೆ, ಹಸಿದವನು ಅನ್ನ ಬೇಡ ಅಂದಂತೆ ಎಂದೇ ಎಲ್ಲರ ಲೆಕ್ಕ.

ತೊಟ್ಟಿಲ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ರೇವವ್ವ ಕಾಲು ಚಾಚಿ, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ ಎಣ್ಣೆ ತಿಕ್ಕುತ್ತಿದ್ದಳು. ಸಿದ್ದಲಿಂಗವ್ವ ನೀರು ಹಾಕುತ್ತಿದ್ದಳು. ರೇವವ್ವನಿಗೆ ಅಂದು ಮನಸ್ಸು ಖುಷಿಯಾಗಿತ್ತು; ಮಗಳಿಗೆ ಹೇಳುವಂತೆ ಹೇಳಿದಳು.

"ನೋಡು ಯವ್ವಾ, ನೀ ಸುಮ್ನ ಒಲ್ಲೆ ಒಲ್ಲೆ ಅಂತಿ. ಕೂಸು ಕಾವೇರಿ ಮಗ್ಗಲಾಗ ಇತ್ತಂದ್ರ ಕಾಂತು ಹೊರಗ ಮಲಗ್ತಾನ. ರಾತ್ರೆಲ್ಲಾ ಎದಿ ಚೀಪಿದ್ರ ಅಕಿಗೆ ಮುಟ್ಟು ಬರಂಗಿಲ್ಲ, ಬಸರೂ ನಿಂದ್ರಂಗಿಲ್ಲ. ಬಾಣಂತಿತನ ಮುಗದ ಮ್ಯಾಲ ನೀ ಇದಕ್ಕ ಡಬ್ಬಿ ಹಾಲು ಹಚ್ಚಿಬಿಡು. ಬರೂ ವರ್ಷ ಅಕಿ ಉಡ್ಯಾಗ ಗಂಡು, ನಿನ್ನ ಉಡ್ಯಾಗ ಇದು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಸಿದ್ದಲಿಂಗವ್ವನ ಕೈಯ ಚೊಂಬು ಅಲ್ಲೇ ನಿಂತಿತು.

"ಡಾಕ್ಟರಮ್ಮ ಮೂರು ವರ್ಷ ಅಂದಾರಲ್ರಿ ಅತ್ತಿ. ಮತ್ತ ಬಸರಾದ್ರ ಜೀವಕ್ಕ ಕಷ್ಟ ಅಂದಾರ."

"ನಾ ಏಳು ಹಡದೇನಿ. ಸತ್ತೇನೇನು? ನೀರು ಹಾಕು, ಕೂಸಿಗೆ ಥಂಡಿ ಆಗತೈತಿ."

ಅವಳು ನೀರು ಹಾಕಿದಳು. ಕೈ ತನ್ನಷ್ಟಕ್ಕೆ ಹಾಕಿತು, ಅನ್ನಿ. ಹಾಗಾದರೆ ಈ ಕೊಂಡಿ, ಈ ದೊಡ್ಡ ಮನಸ್ಸು, ಉಡಿ ತುಂಬುವ ಮಾತು ಯಾವುದೂ ತನ್ನ ಮೇಲಿನ ಮರುಕದ್ದಲ್ಲ. ಕಾವೇರಿಯ ಮಗ್ಗುಲು ತೆರವಾಗಬೇಕು, ಅದಕ್ಕೆ ಕೂಸನ್ನು ಎತ್ತಿಡಲು ಒಂದು ಜಾಗ ಬೇಕು. ಆ ಜಾಗ ತಾನು. ಡಬ್ಬಿ ಹಾಲು ಕಲಸಿ ಕುಡಿಸಬೇಕಾದದ್ದೂ ತನ್ನ ಕೈ. ನಾಳೆ ಕಾವೇರಿಗೆ ಹೆಚ್ಚುಕಡಿಮೆಯಾದರೆ ಅದರಲ್ಲಿ ತನ್ನದೂ ಪಾಲು. ಕಾಂತುವಿಗೆ ಹೇಳೋಣವೆಂದು ಹೋದರೆ ಅವನು "ಅವ್ವನ ಕೂಡ ಯಾರ ಬಾಯಿ ಮಾಡ್ಬೇಕ್ರಿ ವೈನಿ" ಎಂದು ಮೋಟರ್‌ಸೈಕಲ್ ಒದ್ದು ಹೊರಟೇಬಿಟ್ಟ.

ತೊಟ್ಟಿಲ ದಿನ ಓಣಿಯ ಹೆಂಗಸರೆಲ್ಲ ಸಿದ್ದಲಿಂಗವ್ವನ ಖೋಲಿಯಲ್ಲಿ ಕಿಕ್ಕಿರಿದರು. ಬೆಳ್ಳುಳ್ಳಿ ಗೊಂಚಲು ಅಡುಗೆಮನೆಗೆ ಹೋಯಿತು, ತೊಟ್ಟಿಲು ಏರಿತು. ಮೋರಟಗಿಯಿಂದ ಜೋಹರಾಬಿ ಕೂಸಿಗೊಂದು ಪುಟ್ಟ ಝಬಲಾ ಅಂಗಿ ಹಿಡಿದು ಬಂದಿದ್ದಳು. ಕಿವಿಯಲ್ಲಿ "ಸಾಕ್ಷಿ" ಎಂದು ಹೆಸರು ಊದಿದ ಸೋದರತ್ತೆಯ ಬೆನ್ನಿಗೆ ಎಲ್ಲರೂ ಗುದ್ದಿ ನಕ್ಕರು. ಗುಗ್ಗರಿ ಹಂಚಿದರು. ಆಗ ರೇವವ್ವ ಕೂಸನ್ನು ತೊಟ್ಟಿಲಿನಿಂದ ಎತ್ತಿ, ಸಿದ್ದಲಿಂಗವ್ವನನ್ನು ಮಣೆಯ ಮೇಲೆ ಕೂಡಿಸಿ, ಉಡಿಯಲ್ಲಿ ಹಾಕಿದಳು.

"ಇವತ್ತಿಂದ ಇದು ನಿಂದು ನೋಡವಾ."

ಸಿದ್ದಲಿಂಗವ್ವನ ತಲೆಯಲ್ಲಿ ಯಾವ ಹಂಚಿಕೆಯೂ ಇರಲಿಲ್ಲ. ಬೇಡವೆಂದು ಎದ್ದುಬಿಡಬೇಕೆಂದೇ ಬಂದಿದ್ದಳು. ಕೂಸು ಬೆಚ್ಚಗೆ, ಹಗುರವಾಗಿ ತೊಡೆಯ ಮೇಲಿತ್ತು. ಎದುರಿಗೆ ಕಾವೇರಿ ಗೋಡೆಗೆ ಒರಗಿ, ಕಣ್ಣು ನೆಲಕ್ಕಿಟ್ಟು, ತುಟಿ ಬಿಳುಚಿಕೊಂಡು ಕೂತಿದ್ದಳು. ಎದ್ದರೆ ರೇವವ್ವ ಇದನ್ನು ತನ್ನ ಮಗ್ಗುಲಿಗೇ ಹಾಕಿಕೊಳ್ಳುತ್ತಾಳೆ, ಕಾವೇರಿಯ ಮಗ್ಗುಲಿಗಂತೂ ಬಿಡುವುದಿಲ್ಲ. ಅಷ್ಟು ಹೊಳೆದದ್ದೇ ಬಾಯಿ ತೆರೆಯಿತು.

"ಅತ್ತಿ, ಕೂಸು ನಂದಾತಲ್ರಿ?"

"ಆತಲ್ಲವಾ, ಇಷ್ಟು ಮಂದಿ ಮುಂದ ಕೊಟ್ಟೇನಲ್ಲ."

"ಅಂದ ಮ್ಯಾಲ ಅದು ಹೆಂಗ ಮಲಗಬೇಕು, ಏನ್ ಕುಡೀಬೇಕು, ನಾ ಹೇಳಿದಂಗ?"

"ಮತ್ಯಾರು ಹೇಳಬೇಕು?" ರೇವವ್ವ ಸುತ್ತ ನೋಡಿ ನಕ್ಕಳು.

"ಹಂಗಾದ್ರ ನನ್ನ ಕೂಸಿಗೆ ಡಬ್ಬಿ ಹಾಲು ನಾ ಒಲ್ಲೆ. ಎರಡು ವರ್ಷ ತುಂಬೂತನ ಎದಿಹಾಲು ಕುಡೀಲಿ. ಅಲ್ಲೀತನ ಕಾವೇರಿ ರಾತ್ರಿ ಈ ಖೋಲ್ಯಾಗ ಮಲಗಲಿ, ನಮ್ಮಿಬ್ಬರ ನಡುವ ಕೂಸು. ಇವತ್ತೇ ಅಕಿ ಹಾಸಿಗಿ ಇಲ್ಲಿಗೆ ತರ್ರಿ."

ರೇವವ್ವನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಇಳಿಸಲು ಹಾದಿ ಸಿಗದೆ. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಗುಗ್ಗರಿ ಮೆಲ್ಲುತ್ತ, "ಖರೇ ಐತಿ ರೇವವ್ವ, ತಾಯಿ ಬಿಟ್ಟು ಹಾಲಗೂಸು ಹೆಂಗಿರತೈತಿ? ಭಾಳ ಶಾಣ್ಯಾಕಿ ನಿನ್ನ ಹಿರೇ ಸೊಸಿ" ಎಂದಳು. ಉಳಿದವರೂ ಹೌದು ಹೌದೆಂದರು. ಇಷ್ಟು ಜನರ ಮುಂದೆ ಕೊಟ್ಟದ್ದನ್ನು ಇಷ್ಟು ಜನರ ಮುಂದೆ ಕಸಿಯುವುದು ರೇವವ್ವನಿಗೂ ಸಾಧ್ಯವಿರಲಿಲ್ಲ.

ಆದರೆ ರೇವವ್ವ ಬರಿಗೈಲಿ ಹೋಗುವವಳಲ್ಲ.

"ಆತು. ನೀ ಹೇಳಿದಂಗ ಆಗಲಿ. ಆದ್ರ ತಾಯಿ ಆದಾಕಿ ನಸಿಕಿನ್ಯಾಗ ಎದ್ದು ಮಂದಿ ರೊಟ್ಟಿ ತಟ್ಟಾಕ ಹೋಗೂದು ಇವತ್ತಿಗೆ ಮುಗೀತು. ಕೂಸು ಬೇಕೋ, ರೊಟ್ಟಿ ಬೇಕೋ, ಈಗ ಹೇಳಿಬಿಡು."

ಸಿದ್ದಲಿಂಗವ್ವ ಜೋಹರಾಬಿಯ ಕಡೆ ನೋಡಿದಳು. ಜೋಹರಾಬಿ ಕೆಲಸ ಬಿಡಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ಹಂಚಿನ ಬಿಸಿ, ಕೆಲಸದವರ ನಗೆ, ಟಂಟಂನಲ್ಲಿ ಮುಖಕ್ಕೆ ಬಡಿಯುವ ನಸುಕಿನ ಗಾಳಿ, ಎಲ್ಲ ಒಮ್ಮೆಗೇ ನೆನಪಾಯಿತು.

"ಕೂಸು," ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಗಸರು ಒಬ್ಬೊಬ್ಬರೇ ಎದ್ದು ಅವಳ ಹಣೆಗೆ ಕುಂಕುಮ ಹಚ್ಚಿ, "ನಿನ್ನ ಭಾಗ್ಯ ತೆರೀತು" ಎಂದರು. ಅವಳು ಎಲ್ಲರಿಗೂ ನಕ್ಕಳು. ಜೋಹರಾಬಿ ಝಬಲಾ ಕೈಗಿಟ್ಟು, ಅವಳ ಅಂಗೈಯನ್ನು ಒಮ್ಮೆ ಒತ್ತಿ ಹೋದಳು.

ಹೊತ್ತು ಇಳಿಯುವಾಗ ಕಾಂತು ಹೆಂಡತಿಯ ಹಾಸಿಗೆ ತಂದು ಬಾಗಿಲಲ್ಲಿಟ್ಟು ಮುಖ ತಪ್ಪಿಸಿ ಹೋದ. ಸಿದ್ದಲಿಂಗವ್ವ ಹೊರಸು ಸರಿಸಿ ನೆಲದ ಮೇಲೆ ಇಬ್ಬರಿಗೂ ಹಾಸಿದಳು. ಕಾವೇರಿ ಕೌದಿಯ ಮಡಿಕೆ ಬಿಡಿಸುತ್ತ, ಬಿಡಿಸುತ್ತ ನಿಂತುಬಿಟ್ಟಳು. ಬಚ್ಚಲಲ್ಲಿ ಅತ್ತೆ ಆಡಿದ ಮಾತನ್ನು ಸಿದ್ದಲಿಂಗವ್ವ ಹಾಸಿಗೆ ಹಾಸುತ್ತಲೇ ಅವಳಿಗೆ ಹೇಳಿದ್ದಳು.

"ಅಕ್ಕಾ, ಖರೇ ಹೇಳು. ನಿನಗ ಈ ಕೂಸು ಬೇಕಾಗಿತ್ತೇನು?"

ಮತ್ತೆ "ನೀ" ಎಂದಿದ್ದಳು. ಸಿದ್ದಲಿಂಗವ್ವ ಹೌದು ಅಂದುಬಿಡಬಹುದಿತ್ತು; ಇಡೀ ದಿನ ಊರಿಗೆಲ್ಲ ಅದನ್ನೇ ಅಂದಿದ್ದಾಳೆ. ಆದರೆ ಇನ್ನು ಎಷ್ಟೋ ರಾತ್ರಿ ಒಂದೇ ಖೋಲಿಯಲ್ಲಿ ಮಲಗಬೇಕಾದವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬ್ಯಾಡಾಗಿತ್ತವಾ."

ಕಾವೇರಿ ಕೌದಿಯನ್ನು ಕೈಯಲ್ಲೇ ಹಿಡಿದು ತೊಟ್ಟಿಲ ಕಡೆ ನೋಡಿದಳು. ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದಳು.

"ನನಗೂ ಬ್ಯಾಡಾಗಿತ್ತಕ್ಕ."

ಹುಟ್ಟಿದಂದಿನಿಂದ ಆ ಕೂಸಿನ ಬಗ್ಗೆ ಆ ಮನೆಯಲ್ಲಿ ಯಾರೂ ಇಷ್ಟು ಖರೆ ಮಾತು ಆಡಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ತೊಟ್ಟಿಲಲ್ಲಿ ಕೂಸು ಕುಂಯ್ ಎಂದಿತು. ಇಬ್ಬರೂ ಒಟ್ಟಿಗೇ ಕೈ ಚಾಚಿದರು.