ಹೊಸ್ತಿಲಿಗೆ ಜಾಲಿಸಿದ ನೀರು

ಸೋಪಿನ ವಾಸನೆ ಅಷ್ಟೇನೂ ಇಲ್ಲ, ಲತಾ ಬಕೆಟ್ಟಿಗೆ ಬಗ್ಗಿ ಇನ್ನೊಮ್ಮೆ ಮೂಸಿ ನೋಡಿದಳು, ವಾಷಿಂಗ್ ಮೆಷೀನು ಎರಡನೇ ಸಲ ಬಟ್ಟೆ ಜಾಲಿಸಿ ಬಿಟ್ಟ ನೀರು, ತಳದಲ್ಲಿ ಗಂಡ ಅರುಣನ ಅಂಗಿಯ ಗುಂಡಿ ಕಾಣುವಷ್ಟು ತಿಳಿ — ಇದನ್ನು ಮೋರಿಗೆ ಚೆಲ್ಲಿ, ಕುಡಿಯುವ ನೀರಿನಲ್ಲಿ ಹೊಸ್ತಿಲು ತೊಳೆಯಬೇಕಂತೆ, ಯಾಕೆಂದರೆ ಇವತ್ತು ಯುಗಾದಿಯಂತೆ, ಯುಗಾದಿ ಅಂತ ನಲ್ಲಿಗೆ ಗೊತ್ತೇ, ಅತ್ತಿಗುಪ್ಪೆಯ ಈ ಬೀದಿ ಕಾವೇರಿಯ ಮುಖ ನೋಡಿ ವಾರವಾಗುತ್ತ ಬಂತು, ಬೋರ್‌ವೆಲ್ಲು ಶಿವರಾತ್ರಿಗೇ ಕೈಕೊಟ್ಟಿತು, ಅಡುಗೆಮನೆಯಲ್ಲಿ ಉಳಿದಿರುವುದು ಎರಡೇ ಕೊಡ, ಹೋಳಿಗೆಗೆ ಬೇಳೆ ಬೇಯುವುದೂ ಅದರಲ್ಲೇ, ಮನೆಮಂದಿ ಬಾಯಾರಿಕೆಗೆ ಕುಡಿಯುವುದೂ ಅದನ್ನೇ. ಅಂಗಳದಲ್ಲಿ ಅತ್ತೆ ಮುನಿತಾಯಮ್ಮ, ಕೈಯಲ್ಲಿ ಬೇವಿನ ಸೊಪ್ಪು, ಸಿಮೆಂಟಿನ ಮೇಲೆ ಬಿರಿದ ಎರಡು ಹಿಮ್ಮಡಿ, ಈಗಷ್ಟೇ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ, ಮೈಲಿಗೆ ಬಟ್ಟೆ ನೀರು ಲಕ್ಷ್ಮಿ ಬರೋ ಬಾಗಿಲಿಗೆ ಹಾಕಿದ್ರೆ ನಾನು ಈ ಹೊಸ್ತಿಲು ದಾಟಲ್ಲ ಕಣಮ್ಮ, ಹಿಂಗೇ ಮಗಳ ಮನೆಗೆ ಹೋಗ್ತೀನಿ. ಅರುಣ್ ಅದನ್ನು ಕೇಳಿಸಿಕೊಂಡೇ ಬಚ್ಚಲು ಸೇರಿ ಚಿಲಕ ಹಾಕಿಕೊಂಡ, ಅವನ ಜಾಣಕಿವುಡು ಹೊಸದಲ್ಲ.

ಹೋದರೆ ಹೋಗಲಿ — ಆದರೆ ಹಬ್ಬದ ದಿನ ಅತ್ತೆಯನ್ನು ಮನೆಯಿಂದ ಓಡಿಸಿದವಳು ಎಂದು ನಾದಿನಿ ಕೆಂಗೇರಿಗೆಲ್ಲ ಡಂಗುರ ಹೊಡೆಯುತ್ತಾಳೆ, ಹೊಡೆಯಲಿ, ಬಿಂದಿಗೆ ಹಿಡಿದು ಟ್ಯಾಂಕರಿನ ಹಿಂದೆ ಓಡಿದ್ದು ಅವಳಲ್ಲವಲ್ಲ. ಮೈಲಿಗೆಯಂತೆ ಮೈಲಿಗೆ, ಈ ಅತ್ತೆಯೇ ಅಲ್ಲವೇ ಮದುವೆಯಾದ ಹೊಸತರಲ್ಲಿ ಅವರೆಕಾಯಿ ಸುಲಿಯುತ್ತ ಹೇಳಿದ್ದು, ಕೆರೆ ಹಿಂದೆ ನಮ್ದು ಕೆಳಗಿನ ಗದ್ದೆ ಕಣೇ, ಮೇಲಿನದು ವೆಂಕಟರಮಣಪ್ಪಂದು, ಅವನ ಎತ್ತು ಮೈ ತೊಳ್ಕೊಂಡು, ಅವನ ಹೆಂಡ್ತಿ ಬಟ್ಟೆ ಜಾಲಿಸಿ, ಆಮೇಲೆ ನಮಗೆ ನೀರು, ಬಂತು ಅನ್ನೋದ್ರೊಳಗೆ ಹಿಮ್ಮಡೀಲಿ ಬದು ಒದ್ದು ತಿರುಗಿಸ್ಕೊಳ್ತಿದ್ದೆ, ಗುದ್ದಲಿ ಯಾಕೆ, ಹಿಮ್ಮಡಿ ಸಾಕು. ಹೇಳುವಾಗ ಎಂಥ ಜಂಬ ಆ ಮುಖದಲ್ಲಿ, ಹರಳೆಣ್ಣೆ ತಿಕ್ಕುವಾಗ ಲತಾಳ ಅಂಗೈಗೆ ಆ ಹಿಮ್ಮಡಿ ಗರಗರ ಅನ್ನುತ್ತದೆ, ಆ ನೀರಿನಲ್ಲಿ ಬೆಳೆದ ಭತ್ತದ ಮೊದಲ ಹಿಡಿ ದೇವರಿಗೇ ತಾನೇ ಹೋಗುತ್ತಿದ್ದುದು, ದೇವರೇನು ಬೇಡ ಎಂದಿತೇ, ಎನ್ನಲಿಲ್ಲ, ಹಾಗಿದ್ದರೆ ತಾನು ಯಾಕೆ ಹೆದರಬೇಕು, ಹೆದರುವುದಿಲ್ಲ, ಬಾಯಿ ತಾನಾಗಿಯೇ ತೆರೆಯಿತು, ಅತ್ತೆ, ನಾವು ಈಗ್ಲೂ ಕೆಳಗಿನ ಗದ್ದೆಯವ್ರೇ, ನಾನು ಇದನ್ನೇ ಹಾಕ್ತೀನಿ, ಹೋಗೋದಾದ್ರೆ ಹೋಗಿ — ಅಯ್ಯೋ ಅಂದೇಬಿಟ್ಟಳಲ್ಲ, ಅಂದಾಯಿತು, ಬಕೆಟ್ಟು ಬಗ್ಗಿತು, ನೀರು ಹೊಸ್ತಿಲು ತೊಳೆದು ಮೆಟ್ಟಿಲಿಳಿದು ಅಂಗಳಕ್ಕೆ ಹರಿಯಿತು, ಮುನಿತಾಯಮ್ಮ ಸೀರೆ ಎತ್ತಿ ಹಿಡಿದರು, ಮುಖ ಇನ್ನೂ ಗಂಟು, ಈಗ ಹಿಂದೆ ಸರಿಯುತ್ತಾರೆ, ಈಗ ಗೇಟು ತೆಗೆಯುತ್ತಾರೆ, ತೆಗೆಯಲಿ, ಒಳಗೆ ಇನ್ನೊಂದು ಬಕೆಟ್ಟಿದೆ, ಅದನ್ನೂ ಹಾಕುವುದೇ, ಛೆ, ನೀರು ಮೋರಿಯ ಕಡೆ ಹೊರಳಿತು, ಬಾಡಿದ ದಾಸವಾಳದ ಪಾತಿ ಗೇಣು ದೂರ, ಹೋಯಿತು, ದಂಡವಾಯಿತು, ಅತ್ತೆಯ ಕಾಲು ಮೇಲೆದ್ದಿತು, ಹೊರಟರು, ಹೊರಟೇಬಿಟ್ಟರು — ಇಲ್ಲ, ಕಾಲು ಇಳಿಯಿತು, ನೀರಿಗೆ ಅಡ್ಡ, ನೀರು ತಡೆದು ನಿಂತು ಪಾತಿಗೆ ತಿರುಗಿತು, ಒದ್ದೆ ಸಿಮೆಂಟಿನ ಮೇಲೆ ಹಿಮ್ಮಡಿ, ಬಿರಿದ ಹಿಮ್ಮಡಿ, ಬದು ಒದ್ದ ಆ ಹಿಮ್ಮಡಿ.