ಎರಡನೆಯ ಸಿಲಿಂಡರು

ಎರಡನೆಯ ಪ್ಲಗ್ಗಿನ ವೈರು ಕಿತ್ತರೂ ಎಂಜಿನ್ನಿನ ದನಿ ಬದಲಾಗಲಿಲ್ಲ. ನೇತ್ರಾ ಕೈಗೆ ಸುತ್ತಿಕೊಂಡಿದ್ದ ಒಣ ಬಟ್ಟೆಯನ್ನು ಬಿಗಿಮಾಡಿಕೊಂಡು ವೈರನ್ನು ಮತ್ತೆ ಸಿಕ್ಕಿಸಿದಳು, ಮತ್ತೆ ಕಿತ್ತಳು. ಮೊದಲನೆಯದನ್ನು ಕಿತ್ತಾಗ ಎಂಜಿನ್ನು ಮುಗ್ಗರಿಸಿ ಇನ್ನೇನು ಆರಿಹೋಗುವಂತೆ ಮಾಡಿತ್ತು. ಮೂರನೆಯದಕ್ಕೂ ಹಾಗೆಯೇ. ಎರಡನೆಯದು ಮಾತ್ರ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೂರು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತು ಕೂತಿತ್ತು.

ಮಧ್ಯಾಹ್ನ ಒಂದೂವರೆ. ಮಿಶ್ರಿಕೋಟಿಯಿಂದ ಹುಬ್ಬಳ್ಳಿಗೆ ಹೋಗುವ ಹಾದಿಯ ದಿಬ್ಬದ ಬುಡದಲ್ಲಿ, ಜಾಲಿಯ ತೆಳ್ಳನೆಯ ನೆರಳಿನಲ್ಲಿ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಮುಂಜಾನೆ ಕೈಕೊಟ್ಟ ಜಾಗವೇ ಅದು. ಊರು ಬಿಟ್ಟಾಗಲೇ ಗಾಡಿ ಸಣ್ಣಗೆ ನಡುಗುತ್ತಿತ್ತು. ಪೆಟ್ರೋಲಿನಲ್ಲಿ ಕಸ ಇರಬೇಕು ಅಂದುಕೊಂಡಿದ್ದಳು. ದಿಬ್ಬದ ನಡುವೆ ಗೇರು ಇಳಿಸಿದ್ದೇ ತಡ, ಉಸಿರು ಕಟ್ಟಿ ನಿಂತಿತು. ಹಿಮ್ಮುಖವಾಗಿ ಬುಡಕ್ಕೆ ಇಳಿಸಿ ಎಷ್ಟು ಕೀಲಿ ತಿರುಗಿಸಿದರೂ ಪೆಟ್ರೋಲಿನ ವಾಸನೆ ಬಂತೇ ಹೊರತು ಎಂಜಿನ್ನು ಹತ್ತಲಿಲ್ಲ. ಫಿಲ್ಟರ್ ಬಿಚ್ಚಿ ಊದಿದಳು. ಪ್ಲಗ್ಗು ಒರೆಸಿದಳು. ಕಲಘಟಗಿಯ ಮೆಕ್ಯಾನಿಕ್ ಮಲಿಕಸಾಬನಿಗೆ ನಾಲ್ಕು ಸಲ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದ ಬಸ್ಸೊಂದು ಅವಳು ಕೈ ಮಾಡಿದರೂ ನಿಲ್ಲಿಸದೆ ಹೋಯಿತು. ಕೊನೆಗೆ ಹಾಲಿನ ಕ್ಯಾನು ಕಟ್ಟಿದ್ದ ಮೋಟರ್ ಸೈಕಲ್ಲಿನವನೊಬ್ಬ ಹಿಂದೆ ಕೂರಿಸಿಕೊಂಡ.

ಎಂಟಕ್ಕೆ ಹುಬ್ಬಳ್ಳಿಯ ಪರೀಕ್ಷಾ ಮೈದಾನದಲ್ಲಿರಬೇಕಿತ್ತು. ಮುಟ್ಟಿದಾಗ ಎಂಟೂ ಇಪ್ಪತ್ತೈದು. ಬಸ್ ಚಾಲಕರ ಹುದ್ದೆಗೆ ಚಾಲನಾ ಪರೀಕ್ಷೆ. ಆರು ವರ್ಷ ಕಾದ ನಂತರ ಬಂದ ಕರೆ.

“ಹಾಜರಿ ಮುಗದೈತ್ರಿ ಅಕ್ಕಾರ,” ಅಂದಿದ್ದ ಗೇಟಿನವ. “ಈಗ ನಿಮ್ಮನ್ನ ಒಳಗ ಬಿಟ್ರ ನನ್ನ ಹೊರಗ ಹಾಕ್ತಾರ್ರಿ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಜಗಳ ತೆಗೆಯಲೂ ಆಗಲಿಲ್ಲ. ಸರಳಿನ ಬೇಲಿ ಹಿಡಿದು ಮೂರು ತಾಸು ನಿಂತೇ ಇದ್ದಳು. ಒಳಗೆ ಅವಳದೇ ವಯಸ್ಸಿನ ಹೆಂಗಸೊಬ್ಬಳು ಕಂಬಗಳ ನಡುವೆ ಬಸ್ಸನ್ನು ಹಿಂದಕ್ಕೆ ತಂದಳು. ಒಂದು ಕಂಬಕ್ಕೂ ತಾಗಿಸಲಿಲ್ಲ. ಇಳಿದು ಬರುವಾಗ ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದು ದಿಬ್ಬದ ಹತ್ತಿರ ಇಳಿದಾಗ ಯಾವ ಆತುರವೂ ಉಳಿದಿರಲಿಲ್ಲ. ತಣ್ಣಗಾಗಿದ್ದ ಎಂಜಿನ್ನು ನಾಲ್ಕನೆಯ ಸಲಕ್ಕೆ ಹತ್ತಿತು, ಕುಂಟುತ್ತ. ಈಗ ಅವಳು ಮಲಿಕಸಾಬ ಕಲಿಸಿದ ಹಾಗೆ, ಒಂದನ್ನು ತಪ್ಪಿಸಿ ಇನ್ನೊಂದಕ್ಕೆ ಹೋಗದೆ, ನೋಡುತ್ತ ಬಂದಳು. ಎಂಜಿನ್ನು ಆರಿಸಿ ಎರಡನೆಯ ಪ್ಲಗ್ಗು ಬಿಚ್ಚಿದಳು. ಪೆಟ್ರೋಲಿನಲ್ಲಿ ತೊಯ್ದು ಕರ್ರಗಿತ್ತು. ಅದನ್ನು ಮೊದಲನೆಯದರ ಜಾಗಕ್ಕೂ ಮೊದಲನೆಯದನ್ನು ಅದರ ಜಾಗಕ್ಕೂ ಹಾಕಿದಳು. ಎರಡನೆಯದೇ ಸತ್ತಿತ್ತು. ವೈರು ಬದಲಿಸಿದಳು. ಆಗಲೂ ಎರಡನೆಯದೇ. ಅಂದರೆ ಪ್ಲಗ್ಗಿನದೂ ಅಲ್ಲ, ವೈರಿನದೂ ಅಲ್ಲ. ಉಳಿದದ್ದು ಮೂರೂ ಪ್ಲಗ್ಗಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ.

ಮುಂಜಾನೆ ಅದೊಂದನ್ನೇ ಅವಳು ಮುಟ್ಟಿರಲಿಲ್ಲ. ನಿನ್ನೆ ಸಂಜೆ ಸರ್ವಿಸ್ ಮುಗಿಸಿ ಕೀಲಿ ಕೊಡುವಾಗ ಮಲಿಕಸಾಬನೇ ಹೇಳಿದ್ದ: “ಕ್ಯಾಪ್ ಹೊಸಾದ ಹಾಕೇನವಾ. ಅದನ್ನ ಬಿಚ್ಚಾಕ ಹೋಗಬ್ಯಾಡ, ಕೂತದ್ದು ಕೂರಲಿ.” ಅವನು ಹಾಗೆಂದ ಮೇಲೆ ಬಿಚ್ಚುವ ಮಾತೇ ಇರಲಿಲ್ಲ. ಕಾರು ಅವಳ ಅಪ್ಪನದು. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಬಿಡಿಭಾಗ ಮಾಡಿ ಮೇಲೆ ಕಟ್ಟಿಕೊಂಡು ಊರೂರು ಮಾರುತ್ತಿದ್ದ. ಅವನು ತೀರಿಕೊಂಡಾಗ ನೇತ್ರಾಳಿಗೆ ಹತ್ತೊಂಬತ್ತು. ಕಾರು ಮಾರಿಬಿಡೋಣ ಎಂದು ಎಲ್ಲರೂ ಅಂದಾಗ ಮಲಿಕಸಾಬನೊಬ್ಬನೇ, “ಹುಡುಗಿ ಓಡಸ್ತಾಳ,” ಅಂದಿದ್ದ. ಕ್ಲಚ್ಚು ಬಿಡುವುದರಿಂದ ಹಿಡಿದು ಕಾರ್ಬೊರೇಟರ್ ತೊಳೆಯುವವರೆಗೆ ಕಲಿಸಿದವನು ಅವನೇ. ಕಬ್ಬಿನ ಲಾರಿಯಲ್ಲಿ ಪಕ್ಕ ಕೂತು ದೊಡ್ಡ ಗಾಡಿ ಕಲಿಸಿದವನೂ ಅವನೇ. ಹೆವಿ ಲೈಸೆನ್ಸ್ ಕೈಗೆ ಬಂದ ದಿನ ಗ್ಯಾರೇಜಿನ ಮುಂದೆ ಹೋಗಿಬರುವವರಿಗೆಲ್ಲ ಪೇಢೆ ಹಂಚಿದ್ದ.

ಅವಳು ಎರಡು ಕ್ಲಿಪ್ಪು ಎಬ್ಬಿಸಿ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದಳು. ಹೊಸದೇ. ಒಳಗೆ ಎರಡನೆಯ ವೈರಿನ ಹಿತ್ತಾಳೆ ಮೊಳೆಯಿಂದ ಅಂಚಿನವರೆಗೆ ಕೂದಲಿನಂಥ ಗೆರೆಯಿತ್ತು. ಬಿರುಕು ಬಿಟ್ಟಿದೆ ಅಂದುಕೊಂಡಳು. ಹೊಸ ಮಾಲೂ ಒಮ್ಮೊಮ್ಮೆ ಹೀಗೆ ಬರುತ್ತದೆ. ಉಗುರಿನಿಂದ ಗೀರಿ ನೋಡಿದಳು. ಉಗುರು ಎಲ್ಲಿಯೂ ತಡೆಯಲಿಲ್ಲ. ಬಟ್ಟೆಯ ತುದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜಿದಳು. ಗೆರೆ ಅರ್ಧ ಅಳಿಸಿ ಬಟ್ಟೆಗೆ ಬೂದುಬಣ್ಣದ ಹೊಳಪು ಹತ್ತಿತು.

ಬಿರುಕು ಅಳಿಸಿಹೋಗುವುದಿಲ್ಲ. ಅಳಿಸಿಹೋಗುವುದು ಪೆನ್ಸಿಲ್ಲು.

ಅವಳು ರಸ್ತೆಯ ಅಂಚಿಗೆ ಹಾಗೆಯೇ ಕುಕ್ಕುರುಗಾಲಿನಲ್ಲಿ ಕೂತಳು. ಯಾವಾಗಲೋ ಒಂದು ಮಧ್ಯಾಹ್ನ ಮಲಿಕಸಾಬ ನಗುತ್ತ ಹೇಳಿದ್ದ ಮಾತು ನೆನಪಾಯಿತು. ತನ್ನ ಹರೆಯದಲ್ಲಿ ಹುಬ್ಬಳ್ಳಿಯ ಗ್ಯಾರೇಜಿನಲ್ಲಿದ್ದಾಗ ಸೊಕ್ಕಿನ ಡ್ರೈವರನೊಬ್ಬನನ್ನು ಹಣ್ಣು ಮಾಡಲು ಕ್ಯಾಪಿನೊಳಗೆ ಪೆನ್ಸಿಲ್ ಗೆರೆ ಎಳೆದಿದ್ದನಂತೆ. ಪೆನ್ಸಿಲ್ ಗುಂಟ ಕರೆಂಟು ಹರಿದು ಗಾಡಿಯ ಲೋಹದ ಮೈಗೆ ಇಳಿಯುತ್ತದೆ, ಪ್ಲಗ್ಗಿಗೆ ಮುಟ್ಟುವುದೇ ಇಲ್ಲ. “ಮೂರು ದಿನಾ ಹುಡುಕಿದ್ರು, ಸಿಗಲಿಲ್ಲ. ನನ್ನ ಮಗಾ ಸಲೀಮಗೂ ಹೇಳಿಲ್ಲ ಇದನ್ನ. ನಿನಗ ಹೇಳಾಕತ್ತೇನಿ.”

ಬೇರೆ ಯಾರಾದರೂ ಇರಬಹುದೇ ಎಂದು ಅವಳು ಬಹಳ ಹೊತ್ತು ಹುಡುಕಿದಳು. ನಿನ್ನೆ ರಾತ್ರಿ ಕಾರು ಮನೆಯ ಮುಂದೆ ನಿಂತಿತ್ತು, ಊರಲ್ಲಿ ನೂರು ಜನ. ಒಂದೊಂದು ಮುಖವನ್ನೂ ತಂದು ನಿಲ್ಲಿಸಿ ನೋಡಿದಳು. ಯಾರೂ ನಿಲ್ಲಲಿಲ್ಲ. ಎದ್ದು ಉಳಿದರ್ಧ ಗೆರೆಯನ್ನೂ ಒರೆಸಿ, ಮುಚ್ಚಳ ಕೂರಿಸಿ ಕೀಲಿ ತಿರುಗಿಸಿದಳು. ಎಂಜಿನ್ನು ಒಂದೇ ಏಟಿಗೆ ಹತ್ತಿ ಸಮನಾಗಿ ತಿರುಗತೊಡಗಿತು. ಹಾಗೆ ತಿರುಗಿದ್ದಕ್ಕೇ ಅವಳಿಗೆ ಮೊದಲ ಸಲ ಅಳು ಬಂತು.

ಮಿಶ್ರಿಕೋಟಿಯಲ್ಲಿ ಮನೆಯ ಕಡೆಗೆ ಹೊರಳದೆ ನೇರ ಕಲಘಟಗಿಗೆ ಹೋದಳು. ಶೆಡ್ಡಿನಲ್ಲಿ ಮಲಿಕಸಾಬ ಒಬ್ಬನೇ ಇದ್ದ. ಗಾಡಿ ಒಳಗೆ ಬರುವ ಮೊದಲೇ ದನಿ ಕೇಳಿ ಎದ್ದು ನಿಂತಿದ್ದ.

“ಎರಡನೇ ಸಿಲಿಂಡರ್ ಸತ್ತಿತ್ತು ಕಾಕಾ,” ಅಂದಳು ನೇತ್ರಾ.

ಅವನು ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟ. ಏನಾಗಿತ್ತು ಎಂದು ಕೇಳಲಿಲ್ಲ. ಕೇಳಲಿ ಎಂದು ಅವಳು ಕಾಯುತ್ತಿದ್ದಳು. ಕೇಳಿದ್ದರೆ, ಒಂದು ಸುಳ್ಳು ಹೇಳಿದ್ದರೆ, ಬಹುಶಃ ನಂಬಿಬಿಡುತ್ತಿದ್ದಳು.

“ನಾಕ ಸಲಾ ಫೋನ್ ಹಚ್ಚಿದ್ನೆಲ್ರಿ.”

“ನೋಡೀನಿ,” ಅಂದ. “ಕೈಯಾಗ ಹಿಡಕೊಂಡ ಕೂತಿದ್ನಿ.”

ಶೆಡ್ಡಿನ ಹಿಂದಿನ ಮನೆಯ ಬಾಗಿಲಲ್ಲಿ ಜಮೀಲಾಬಿ ಬಂದು ನಿಂತಳು. ಗಂಡನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. “ಹೇಳ್ರಿ ಆಕಿಗೆ,” ಅಂದಳು. “ನಿನ್ನಿ ಮುಂಜಾನಿಯಿಂದ ಈ ಮನಷ್ಯಾ ಒಂದ ತುತ್ತ ಉಂಡಿಲ್ಲ ಬೇಟಿ. ಹೇಳ್ರಿ, ಯಾರ ಬಂದಿದ್ರಂತ.”

“ನಿಮ್ಮವ್ವ ಬಂದಿದ್ಳು,” ಅಂದ ಮಲಿಕಸಾಬ. ಅವನು ಕಾರಿನ ಬಾನೆಟ್ಟಿಗೆ ಹೇಳುತ್ತಿದ್ದ. “ತಂಬೂರಿನ ಮಂದಿ ನಿನ್ನ ಮದಿವಿಗೆ ಒಪ್ಯಾರಂತ, ರವಿವಾರ ಮಾತುಕತಿಗೆ ಬರ್ತಾರಂತ. ಆದ್ರ ಬಸ್ಸಿನ ನೌಕರಿ ಅಂದ್ರ ಒಲ್ಲೆ ಅಂದ್ರಂತ, ಹೊತ್ತಿಲ್ಲ ಗೊತ್ತಿಲ್ಲ ಅಂತ. ಮಗಳಿಗೆ ಮೂವತ್ತ ವರ್ಷ ಆತು, ಇದೂ ತಪ್ಪಿದ್ರ ನಾ ಏನ ಮಾಡ್ಲಿ, ಹೆಂಗರೆ ಮಾಡಿ ತಡೀರಿ ಸಾಹೇಬ್ರ ಅಂತ ಸೆರಗೊಡ್ಡಿದ್ಳು. ನಿಮ್ಮಪ್ಪನ ಹೆಸರ ತಗದ್ಳು. ನಾ ಏನಂತ ಹೇಳ್ಲಿ?”

“ಆಗೂದಿಲ್ಲ ಅಂತ ಹೇಳ್ರಿ.”

ಅವನು ಕೆಳಗಿಟ್ಟ ಪಾನಾ ಮತ್ತೆ ಕೈಗೆತ್ತಿಕೊಂಡ. ಆಮೇಲೆ, ಅವಳಿಗೆ ಸಮಾಧಾನವಾಗಲಿ ಎಂಬಂತೆ, “ಹಾದ್ಯಾಗ ನಿನಗೇನೂ ಆಗಬಾರದು ಅಂತ ಬ್ರೇಕ್ ಎರಡೆರಡ ಸಲಾ ನೋಡೇನಿ,” ಅಂದ. “ಚಕ್ರದ ಬೋಲ್ಟ್ ನಾನ ಬಿಗದೇನಿ. ಅಲ್ಲಾನ ಆಣಿ.”

ಆ ಮಾತು ಅವಳನ್ನು ಉಳಿದೆಲ್ಲಕ್ಕಿಂತ ಆಳಕ್ಕೆ ಕುಯ್ದಿತು. ಅದೇ ಕೈ, ಅದೇ ಸಂಜೆ, ಬ್ರೇಕು ನೋಡಿ, ಬೋಲ್ಟು ಬಿಗಿದು, ಆಮೇಲೆ ಪೆನ್ಸಿಲ್ಲು ಚೂಪು ಮಾಡಿತ್ತು.

“ನೀವ ಎದುರಿಗೆ ಬಂದು ಹೋಗಬ್ಯಾಡ ಅಂದಿದ್ರ ಆಗ್ತಿತ್ತು,” ಅಂದಳು.

“ನೀ ಕೇಳ್ತಿದ್ದಿಲ್ಲ.”

“ಹೌದು, ಕೇಳ್ತಿದ್ದಿಲ್ಲ. ನಿಮ್ಮ ಕೂಡ ಜಗಳಾ ಮಾಡಿ, ಮುಂಜಾನೆ ಎದ್ದು ಹೋಗ್ತಿದ್ದೆ. ಮತ್ತ ಸಂಜಿಗೆ ಬಂದು ನಿಮಗ ಹೇಳ್ತಿದ್ದೆ, ಹೆಂಗಾತು ಅಂತ.” ಅವಳು ಬಾನೆಟ್ಟಿನ ಮೇಲೆ ಕೈ ಇಟ್ಟಳು. “ಇನ್ನ ಹೆಂಗ ಹೇಳ್ಲಿ ಕಾಕಾ? ಈ ಗಾಡಿ ಇನ್ನ ಮ್ಯಾಲೆ ಯಾರ ಕೈಯಾಗ ಬಿಡ್ಲಿ?”

ಜಮೀಲಾಬಿ ಚಹಾ ಕುಡಿದು ಹೋಗು ಅಂದಳು. ನೇತ್ರಾ ಆಕೆಯ ಕೈ ಮುಟ್ಟಿ, “ಬ್ಯಾಡ್ರಿ ಚಾಚಿ,” ಅಂದು ಗಾಡಿ ಹಿಂದಕ್ಕೆ ತೆಗೆದಳು. ಮಲಿಕಸಾಬ ಯಾವಾಗಲೂ ರಸ್ತೆಗೆ ಬಂದು ಎರಡೂ ಕಡೆ ನೋಡಿ, ಬಾ ಬಾ ಎಂದು ಕೈ ಆಡಿಸುತ್ತಿದ್ದ. ಈಗಲೂ ಎರಡು ಹೆಜ್ಜೆ ಮುಂದೆ ಬಂದವನು ಅಲ್ಲಿಯೇ ನಿಂತ. ಅವಳು ತಾನೇ ಕತ್ತು ಹೊರಳಿಸಿ ನೋಡಿಕೊಂಡು ರಸ್ತೆಗೆ ಇಳಿದಳು.

ಮನೆಗೆ ಬಂದಾಗ ಹೊತ್ತು ಮುಳುಗುವ ಸಮಯ. ಮಲ್ಲಕ್ಕ ಕಟ್ಟೆಯ ಮೇಲೆ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಮಗಳನ್ನು ಕಂಡದ್ದೇ ಎದ್ದಳು.

“ಭಾಳ ತಡಾ ಮಾಡಿದೆಲ್ಲ. ಹಾದ್ಯಾಗ ಗಾಡಿ ಕೆಟ್ಟಿತ್ತೇನ?”

“ಯಾರ ಹೇಳಿದ್ರವ್ವಾ, ಗಾಡಿ ಕೆಟ್ಟಿತ್ತಂತ?”

 ಮಲ್ಲಕ್ಕನ ಕೈಯಲ್ಲಿನ ಮೊರ ಓರೆಯಾಗಿ ನಾಲ್ಕು ಕಾಳು ಕಟ್ಟೆಯಿಂದ ಉದುರಿದವು. “ಪರೀಕ್ಷಾ ಮತ್ತ ಬರ್ತಾವ ಬಾಳಾ,” ಅಂದಳು ಕೊನೆಗೆ, ಬಲು ಸಣ್ಣ ದನಿಯಲ್ಲಿ. “ನಾ ಹೋದ ಮ್ಯಾಲೆ ನಿನಗ ಯಾರದಾರ? ಅದನ್ನ ನೋಡಿದ್ನಿ ನಾ.”

“ತಂಬೂರಿಗೆ ಫೋನ್ ಹಚ್ಚೇನಿ,” ಅಂದಳು ನೇತ್ರಾ. “ರವಿವಾರ ಬರಬ್ಯಾಡ್ರಿ ಅಂದೇನಿ. ಯಾಕ ಅಂತ ಕೇಳಿದ್ರು. ನಮ್ಮವ್ವನ್ನ ಕೇಳ್ರಿ ಅಂದೇನಿ.”

ಮಲ್ಲಕ್ಕ ಕಂಬ ಹಿಡಿದು ಕೂತುಬಿಟ್ಟಳು. ನೇತ್ರಾ ಅವಳನ್ನು ದಾಟಿ ಹಿತ್ತಲಿಗೆ ಹೋಗಿ, ಬಚ್ಚಲಕಲ್ಲಿನ ಮೇಲೆ ಕೂತು, ಮೊಣಕೈಯವರೆಗೆ ಹತ್ತಿದ್ದ ಎಣ್ಣೆಯ ಜಿಡ್ಡಿಗೆ ಸಾಬೂನು ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಮಲ್ಲಕ್ಕ ತಂಬಿಗೆಯಲ್ಲಿ ಬಿಸಿನೀರು ತಂದು ಬಾಗಿದ್ದಳು.

“ಕೈ ಹಿಡಿ.”

ನೇತ್ರಾ ತಂಬಿಗೆಯನ್ನು ತಾನೇ ತೆಗೆದುಕೊಂಡಳು. ಎಡಗೈಯಿಂದ ಬಗ್ಗಿಸಿ ಬಲಗೈ ತೊಳೆದಳು, ಬಲಗೈಯಿಂದ ಬಗ್ಗಿಸಿ ಎಡಗೈ. ಸಾಬೂನಿನ ಬೆರಳಲ್ಲಿ ತಂಬಿಗೆ ಜಾರುತ್ತಿತ್ತು. ನೀರು ಬಹಳಷ್ಟು ಕಲ್ಲಿನ ಮೇಲೆಯೇ ಹರಿದು ಹೋಯಿತು. ಮಲ್ಲಕ್ಕ ಬರಿಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಲ್ಲಿಯೇ ನಿಂತಿದ್ದಳು.